ಅಟ್ಟದ ಮೇಲಿನ ಬೀಡಿನ ಹಂಚು: ಗುಜರಿಗೆ ಹಾಕುವ ಮುಂಚೆ

ಗುಜರಿ ಗಾಡಿ ಊರಿಗೆ ಬಂದ ದಿನ ಅಟ್ಟದಿಂದ ಕೆಳಗಿಳಿಯುವ ಸಾಮಾನಿನಲ್ಲಿ ಒಂದು ಖಾಯಂ: ತುಕ್ಕು ಹಿಡಿದ ದೋಸೆ ಹಂಚು. ಅದರ ಜೊತೆಗೆ ಒಮ್ಮೊಮ್ಮೆ ಪಡ್ಡಿನ ಹಂಚು, ಕಿವಿ ಮುರಿದ ಬಾಣಲಿ. ತಕ್ಕಡಿಗೆ ಹಾಕಿ, ಕೆ.ಜಿ. ಲೆಕ್ಕದಲ್ಲಿ ದುಡ್ಡು ಎಣಿಸಿಕೊಟ್ಟು, ಗಾಡಿಯವರು ಮುಂದಿನ ಬೀದಿಗೆ ಹೋಗುತ್ತಾರೆ. ಅದೇ ತೂಕದ, ಅದೇ ಆಕಾರದ ಹೊಸ ಹಂಚನ್ನು ಮೊಬೈಲಿನಲ್ಲಿ ಹುಡುಕಿ ನೋಡಿ. ಸಾವಿರ ರೂಪಾಯಿಯ ಮೇಲೆ ಹೇಳುತ್ತಾರೆ. ಪಕ್ಕದಲ್ಲಿ ಒಂದು ಸಾಲು ಬೇರೆ: ‘ಸಾವಿರಾರು ವರ್ಷಗಳ ಪರಂಪರೆ’.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ಒಂದು, ತುಕ್ಕು ಹಿಡಿದ ಹಂಚು ಸತ್ತಿತು ಎನ್ನುವುದು. ಇನ್ನೊಂದು, ಈ ಹಂಚು ಸಾವಿರಾರು ವರ್ಷದಿಂದ ನಮ್ಮ ಒಲೆ ಮೇಲಿತ್ತು ಎನ್ನುವುದು. ಕಬ್ಬಿಣ ನಮಗೆ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಎರಕ ಹೊಯ್ದ ಕಬ್ಬಿಣದ ಹಂಚು ನಮ್ಮ ಅಡುಗೆಮನೆಗೆ ಬಂದದ್ದು ತೀರಾ ಈಚೆಗೆ. ಎರಡನೆಯ ತಪ್ಪನ್ನು ಬಿಡಿಸಿದರೆ ಮೊದಲನೆಯದೂ ತಾನಾಗಿ ಬಿಡಿಸಿಕೊಳ್ಳುತ್ತದೆ, ಹಾಗಾಗಿ ಇತಿಹಾಸದಿಂದಲೇ ಶುರು ಮಾಡೋಣ.

ಮೊದಲು ಹೆಸರು ನೋಡಿ. ಮನೆ ಮಾಡಿನ ಮೇಲೆ ಹೊದಿಸುವುದೂ ಹಂಚು, ರೊಟ್ಟಿ ಬೇಯಿಸುವುದೂ ಹಂಚು. ಕೆಲವು ಕಡೆ ಹೆಂಚು ಅನ್ನುತ್ತಾರೆ. ಎರಡಕ್ಕೂ ಒಂದೇ ಹೆಸರು ಯಾಕೆ ಅಂದರೆ ಎರಡೂ ಸುಟ್ಟ ಮಣ್ಣಿನವೇ ಆಗಿದ್ದವು. ಕುಂಬಾರರು ಮಾಡಿಕೊಟ್ಟ ಮಣ್ಣಿನ ಹಂಚಿನ ಮೇಲೆ ರೊಟ್ಟಿ ಬೇಯಿಸಿದ ನೆನಪು ಇರುವ ಹಿರಿಯರು ಉತ್ತರ ಕರ್ನಾಟಕದಲ್ಲಿ ಈಗಲೂ ಸಿಗುತ್ತಾರೆ. ವಸ್ತು ಬದಲಾಯಿತು, ಹೆಸರು ಹಾಗೇ ಉಳಿಯಿತು.

ಇನ್ನೊಂದು ಪದ ‘ಬೀಡು’. ಇಲ್ಲಿ ಊರು, ಠಿಕಾಣಿ ಅನ್ನುವ ಅರ್ಥದ ಬೀಡು ಅಲ್ಲ. ಎರಕದ ಕಬ್ಬಿಣಕ್ಕೆ ಬೀಡು ಅನ್ನುತ್ತೇವೆ. ಮರಾಠಿಯಲ್ಲೂ ಅದೇ ಪದ, ಬಿಡಾಚಾ ತವಾ ಅಂದರೆ ಬೀಡಿನ ಹಂಚು. ಕಮ್ಮಾರರ ಹತ್ತಿರ ಕೇಳಿ ನೋಡಿ: ಬೀಡನ್ನು ಕುಲುಮೆಯಲ್ಲಿ ಕಾಯಿಸಿ ಸುತ್ತಿಗೆಯಿಂದ ಬಡಿದರೆ ಏನಾಗುತ್ತದೆ? ಒಡೆಯುತ್ತದೆ. ಬಾಗುವುದಿಲ್ಲ, ಹಿಗ್ಗುವುದಿಲ್ಲ. ಆದ್ದರಿಂದ ಬೀಡು ಎಂದಿಗೂ ಕಮ್ಮಾರನ ಕಬ್ಬಿಣ ಅಲ್ಲ.

ಹಾವೇರಿ ಜಿಲ್ಲೆಯ ಹಳ್ಳೂರು ತುಂಗಭದ್ರಾ ದಂಡೆಯ ಊರು. ಅಲ್ಲಿ 1965ರಲ್ಲಿ ಉತ್ಖನನ ನಡೆದಾಗ ಸುಮಾರು 3000 ವರ್ಷ ಹಿಂದಿನ ಕಬ್ಬಿಣದ ವಸ್ತುಗಳು ಸಿಕ್ಕವು. ಅಷ್ಟು ಹಿಂದಿನಿಂದಲೂ ನಮ್ಮವರಿಗೆ ಅದಿರಿನಿಂದ ಕಬ್ಬಿಣ ತೆಗೆಯುವುದು ಗೊತ್ತಿತ್ತು. ಆದರೆ ಹೇಗೆ ತೆಗೆಯುತ್ತಿದ್ದರು ಅನ್ನುವುದು ಮುಖ್ಯ. ಶುದ್ಧ ಕಬ್ಬಿಣ ಕರಗಿ ನೀರಾಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಮಣ್ಣಿನ ಸಣ್ಣ ಕುಲುಮೆ, ಇದ್ದಿಲು, ಚರ್ಮದ ತಿದಿ ಇಟ್ಟುಕೊಂಡು ಅಷ್ಟು ಕಾವು ಬರುವುದಿಲ್ಲ. ಹಾಗಾಗಿ ಕುಲುಮೆಯೊಳಗೆ ಕಬ್ಬಿಣ ಕರಗದೆ, ಕಿಟ್ಟದ ಜೊತೆ ಸೇರಿದ ಒಂದು ತೂತುತೂತಾದ ಮುದ್ದೆಯಾಗಿ ಸಿಗುತ್ತಿತ್ತು. ಅದನ್ನು ಬಿಸಿಯಿರುವಾಗಲೇ ಬಡಿದು ಬಡಿದು ಕಿಟ್ಟ ಹೊರಹಾಕಿ ಕಬ್ಬಿಣ ಮಾಡಿಕೊಳ್ಳುತ್ತಿದ್ದರು. ಗುಳ, ಕುಡುಗೋಲು, ಕೊಡಲಿ, ಬಂಡಿಯ ಅಚ್ಚು, ಎಲ್ಲವೂ ಬಡಿದ ಕಬ್ಬಿಣ.

ಟಿಪ್ಪು ಸುಲ್ತಾನ್ ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಮೈಸೂರು ಸೀಮೆಯಲ್ಲಿ ಊರೂರು ಸುತ್ತಿ ಬೆಳೆ, ಕಸುಬು, ತೆರಿಗೆ ಎಲ್ಲ ಬರೆದುಕೊಂಡ. ಆ ಪುಸ್ತಕ 1807ರಲ್ಲಿ ಅಚ್ಚಾಯಿತು. ನಮ್ಮ ತುಮಕೂರು ಕಡೆಯವರು ಅದನ್ನು ಓದಬೇಕು. ಮಧುಗಿರಿ ಕಡೆ ಮಳೆಗಾಲದ ಹಳ್ಳಗಳಲ್ಲಿ ಬರುವ ಕಪ್ಪು ಮರಳನ್ನು ತೊಳೆದು ಅದರಿಂದ ಕಬ್ಬಿಣ ತೆಗೆಯುತ್ತಿದ್ದದ್ದು, ಚಿಕ್ಕನಾಯಕನಹಳ್ಳಿ ಹತ್ತಿರದ ಗುಡ್ಡದ ಅದಿರು, ಮಾಗಡಿ ಹತ್ತಿರ ಉಕ್ಕು ಮಾಡುತ್ತಿದ್ದ ರೀತಿ, ಎಲ್ಲ ಅದರಲ್ಲಿದೆ. ಉಕ್ಕಿಗೆ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಚೂರು, ತಂಗಡಿ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಸುಡುತ್ತಿದ್ದರು. ಹೌದು, ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ. ಮೂಸೆಯೊಳಗೆ ಕಬ್ಬಿಣ ನಿಜವಾಗಿಯೂ ಕರಗುತ್ತಿತ್ತು, ಆದರೆ ಸಿಗುತ್ತಿದ್ದದ್ದು ಸಣ್ಣ ಗಟ್ಟಿ. ಉಳಿ, ಕತ್ತಿ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ತಂತಿ, ಇಂಥದ್ದಕ್ಕೆ ಉಕ್ಕು. ಅದರಲ್ಲಿ ದೋಸೆ ಹಂಚು ಮಾಡುವ ಮಾತೇ ಇಲ್ಲ.

ಕಣ್ಣಿಗೆ ಕಾಣುವ ಸಾಕ್ಷಿ ಬೇಕಾದರೆ ವಿಜಯಪುರಕ್ಕೆ ಹೋಗಿ. ಮಲಿಕ್-ಎ-ಮೈದಾನ್ ತೋಪನ್ನು ಎಲ್ಲರೂ ನೋಡುತ್ತಾರೆ. ಅದು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಆದರೆ ಕಂಚಿನದು. ಆಮೇಲೆ ಉಪ್ಲಿ ಬುರುಜಿನ ಮೆಟ್ಟಿಲು ಹತ್ತಿ ಅಲ್ಲಿರುವ 30 ಅಡಿ ಉದ್ದದ ತೋಪನ್ನು ಹತ್ತಿರದಿಂದ ನೋಡಿ. ಅದು ಕಬ್ಬಿಣದ್ದು, ಆದರೆ ಎರಕವಲ್ಲ. ಉದ್ದುದ್ದ ಪಟ್ಟಿಗಳನ್ನು ಜೋಡಿಸಿ, ಮೇಲೆ ಬಳೆಗಳನ್ನು ಕಾಯಿಸಿ ತೊಡಿಸಿ ಬಡಿದು ಮಾಡಿದ್ದು, ಬಂಡಿ ಚಕ್ರಕ್ಕೆ ಹಳಿ ಕಟ್ಟುವ ಹಾಗೆ. ಸುಲ್ತಾನರ ಕಾಲಕ್ಕೂ ದೊಡ್ಡದಾಗಿ ಎರಕ ಹೊಯ್ಯಬೇಕೆಂದರೆ ಕಂಚು, ಕಬ್ಬಿಣವಾದರೆ ಬಡಿಯಬೇಕು. ಕುಲುಮೆಯ ಕಾವು ಮತ್ತು ಇದ್ದಿಲು ಹದ ಮೀರಿ ಕಬ್ಬಿಣ ಬೀಡಾಗಿಬಿಟ್ಟರೆ ಅದು ನಷ್ಟದ ಬಾಬ್ತು.

ಹಾಗಾದರೆ ಬೀಡನ್ನು ಪಾತ್ರೆ ಮಾಡಿದವರು ಯಾರು? ಚೀನಾದವರು, ಸುಮಾರು 2500 ವರ್ಷದ ಹಿಂದೆಯೇ. ಕಬ್ಬಿಣದಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲು ಇಂಗಾಲ ಸೇರಿದರೆ ಅದು 1200 ಡಿಗ್ರಿಯೊಳಗೇ ಕರಗಿ ನೀರಿನಂತೆ ಹರಿಯುತ್ತದೆ. ಎತ್ತರದ ಕುಲುಮೆ, ಬಲವಾದ ಗಾಳಿ ಇದ್ದರೆ ಸಾಕು. ಅವರು ಅದನ್ನು ಅಚ್ಚಿಗೆ ಹೊಯ್ದು ನೇಗಿಲ ತುದಿ, ಬಾಣಲಿ ಎಲ್ಲ ಮಾಡಿಕೊಂಡರು. ಯುರೋಪಿನವರು ಬಹಳ ತಡವಾಗಿ ಇದಕ್ಕೆ ಬಂದರು. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಿನ ಅಚ್ಚಿನಲ್ಲಿ ತೆಳುವಾದ ಕಬ್ಬಿಣದ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಎರಡು ವರ್ಷ ಬಿಟ್ಟು, ಕಾಡಿನ ಇದ್ದಿಲಿನ ಬದಲು ಕಲ್ಲಿದ್ದಲಿನ ಕೋಕ್ ಹಾಕಿ ಕಬ್ಬಿಣ ಕರಗಿಸಿದ. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಕಥೆಯನ್ನು ಶಾಲೆಯಲ್ಲಿ ಉಗಿಬಂಡಿಯಿಂದ ಶುರು ಮಾಡುತ್ತಾರೆ. ಅಡುಗೆ ಪಾತ್ರೆಯಿಂದ ಶುರು ಮಾಡಿದರೂ ತಪ್ಪೇನಿಲ್ಲ.

ಭಾರತದಲ್ಲಿ ಊದುಕುಲುಮೆ ಹಾಕುವ ಪ್ರಯತ್ನ 1830ರಲ್ಲಿ ತಮಿಳುನಾಡಿನ ಪರಂಗಿಪೇಟೆಯಲ್ಲಿ ನಡೆಯಿತು, ನಿಲ್ಲಲಿಲ್ಲ. 1870ರ ದಶಕದಲ್ಲಿ ಬಂಗಾಳದ ಬರಾಕರ್, 1911ರಲ್ಲಿ ಜಮ್ಶೆಡ್‌ಪುರದ ಟಾಟಾ. ನಮ್ಮ ಪಾಲಿಗೆ ಮುಖ್ಯವಾದ ಇಸವಿ 1923. ಆ ವರ್ಷದ ಜನವರಿಯಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿಕೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಹಟ ಹಿಡಿದು ಕಟ್ಟಿಸಿದ ಕಾರ್ಖಾನೆ. ಅದಿರು ಕೆಮ್ಮಣ್ಣುಗುಂಡಿಯದು. ಈಗ ಅಲ್ಲಿಗೆ ಹೂದೋಟ ನೋಡಲು ಹೋಗುವವರು ಊರಿನ ಹೆಸರನ್ನೇ ಬಿಡಿಸಿ ಓದಿದರೆ ಸಾಕು: ಕೆಂಪು ಮಣ್ಣಿನ ಗುಂಡಿ. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ್ದರಿಂದ ಮಲೆನಾಡಿನ ಕಾಡಿನ ಮರ ಕಡಿದು ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಆ ಕಬ್ಬಿಣ ಒಳ್ಳೆಯದೇ. ಕಾಡಿಗೆ ಬಿದ್ದ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಕುಲುಮೆಯಿಂದ ಬಂದ ಬೀಡಿನ ಗಟ್ಟಿಗಳು ಊರೂರಿನ ಫೌಂಡ್ರಿಗೆ ಹೋಗುತ್ತವೆ. ಅಲ್ಲಿ ಹಳೆ ಕಬ್ಬಿಣದ ಜೊತೆ ಸೇರಿಸಿ ಮತ್ತೆ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಬೆಳಗಾವಿ ಇದಕ್ಕೆ ಹೆಸರಾದ ಊರು, ಇವತ್ತಿಗೂ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ ಮಾರಲು ಹೊರಟಾಗ, ಕಬ್ಬಿಣ ತಗುಲಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಕೊಳ್ಳಲಿಲ್ಲವಂತೆ. ಕೊನೆಗೆ ನೇಗಿಲು ಗೆದ್ದಿತು. ನೇಗಿಲಿನ ಭಾಗ, ಕಬ್ಬಿನ ಗಾಣದ ಉರುಳೆ, ಪಂಪ್‌ಸೆಟ್ಟಿನ ಮೈ ಎರಕ ಹೊಯ್ಯುವ ಕಡೆ ಹಂಚು, ಬಾಣಲಿ ಹೊಯ್ಯುವುದು ಎಷ್ಟರ ಕೆಲಸ? ಹೀಗೆ ಬೀಡಿನ ಹಂಚು ಸಂತೆಗೆ ಬಂತು, ಸಂತೆಯಿಂದ ಒಲೆಗೆ ಬಂತು. ಹೆಚ್ಚೆಂದರೆ ಮೂರು ನಾಲ್ಕು ತಲೆಮಾರಿನ ಮಾತು. ಅದಕ್ಕೂ ಮುಂಚೆ ಒಲೆ ಮೇಲಿದ್ದದ್ದು ಮಣ್ಣಿನ ಹಂಚು, ಅನುಕೂಲ ಇದ್ದವರ ಮನೆಯಲ್ಲಿ ಕಮ್ಮಾರ ಬಡಿದುಕೊಟ್ಟ ತೆಳು ಹಂಚು.

ನಿಮ್ಮ ಮನೆಯದು ಯಾವುದು ಅಂತ ಹೀಗೆ ನೋಡಿ. ಬಡಿದದ್ದಾದರೆ ತೆಳುವಾಗಿರುತ್ತದೆ, ಸುತ್ತಿಗೆಯ ಗುರುತು ಕಾಣುತ್ತದೆ, ಬಿದ್ದರೆ ಸೊಟ್ಟಗಾಗುತ್ತದೆ. ಬೀಡಾದರೆ ದಪ್ಪ, ಭಾರ, ತಳದಲ್ಲಿ ಮರಳಿನ ಅಚ್ಚಿನ ತರಿತರಿ, ಕಿವಿಗಳು ಮೈಯ ಜೊತೆಗೇ ಎರಕವಾಗಿರುತ್ತವೆ. ಬಿದ್ದರೆ ಒಡೆಯುತ್ತದೆ.

ಈ ಹಂಚು ಅಟ್ಟ ಸೇರಿದ್ದು ಒಂದೇ ದಿನದಲ್ಲಲ್ಲ. ಆಲ್ಫ್ರೆಡ್ ಚಾಟರ್ಟನ್ 1898ರಲ್ಲಿ ಮದ್ರಾಸಿನ ಕಲಾ ಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಶುರು ಮಾಡಿದರು. ಅವರೇ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು. ಹಗುರ, ಅಗ್ಗ, ತುಕ್ಕು ಇಲ್ಲ, ಹಿತ್ತಾಳೆಯ ಹಾಗೆ ಕಲಾಯಿ ಬೇಡ. ಆಮೇಲೆ ಸ್ಟೀಲು. ಆಮೇಲೆ ನಾನ್‌ಸ್ಟಿಕ್. ಅದರ ಮೇಲಿನ ಲೇಪ 1938ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಸಿಕ್ಕಿತು, 1950ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಾಣಲಿಗೆ ಹತ್ತಿತು, ಈಗ ನಮ್ಮೂರ ಜಾತ್ರೆಯಲ್ಲೂ ಸಿಗುತ್ತದೆ. ಇದರ ನಡುವೆ ಗ್ಯಾಸ್ ಒಲೆ ಬಂತು. ಮೂರು ಕಲ್ಲಿನ ಮೇಲೆ ಕೂರುತ್ತಿದ್ದ ಕುಳಿ ತಳದ ಹಂಚು ಗ್ಯಾಸ್ ಒಲೆ ಮೇಲೆ ಓಲಾಡುತ್ತದೆ, ಕಾಯಲು ಹೊತ್ತು ತೆಗೆದುಕೊಳ್ಳುತ್ತದೆ, ಸಿಲಿಂಡರ್ ದುಡ್ಡಿನ ಲೆಕ್ಕ ಬೇರೆ. ಭಾರ ಎತ್ತಿ ಇಳಿಸಿದವರಿಗೇ ಅದರ ಕಷ್ಟ ಗೊತ್ತು. ಹಂಚು ಬಿಟ್ಟ ಹೆಂಗಸರನ್ನು ‘ಪರಂಪರೆ ಮರೆತರು’ ಎಂದು ಬೈಯುವ ವಿಡಿಯೋಗಳು ಬರುತ್ತವಲ್ಲ, ಅವನ್ನು ಮಾಡುವವರು ಒಮ್ಮೆ ಆ ಹಂಚನ್ನು ಎತ್ತಿ ತೊಳೆದು ನೋಡಲಿ.

ದಿನಾ ಬಳಸುತ್ತಿದ್ದಾಗ ಇದೇ ಹಂಚಿಗೆ ತುಕ್ಕು ಯಾಕೆ ಬರಲಿಲ್ಲ? ನಮ್ಮಲ್ಲಿ ಹಂಚನ್ನು ‘ಪಳಗಿಸುವುದು’ ಅನ್ನುತ್ತೇವೆ, ಹೋರಿಯನ್ನು ಪಳಗಿಸಿದ ಹಾಗೆ. ಹೊಸ ಹಂಚಿನ ಮೇಲೆ ಅಕ್ಕಿ ತೊಳೆದ ನೀರು ಅಥವಾ ಗಂಜಿ ಹಾಕಿಡುವುದು, ಕಾಯಿಸಿ ಎಣ್ಣೆ ಹಚ್ಚುವುದು, ಅರ್ಧ ಈರುಳ್ಳಿಯಿಂದಲೋ ಬದನೆಕಾಯಿ ತೊಟ್ಟಿನಿಂದಲೋ ಉಜ್ಜುವುದು. ಬಿಸಿ ಕಬ್ಬಿಣದ ಮೇಲೆ ತೆಳ್ಳಗೆ ಸವರಿದ ಎಣ್ಣೆ ಕಾಯುತ್ತ ಕಾಯುತ್ತ ಎಣ್ಣೆಯಾಗಿ ಉಳಿಯುವುದಿಲ್ಲ, ಗಟ್ಟಿ ಪದರವಾಗುತ್ತದೆ. ಬಾಗಿಲಿಗೆ ಬಳಿದ ಪೇಂಟ್ ಒಣಗುವುದೂ ಹೆಚ್ಚುಕಡಿಮೆ ಹೀಗೆಯೇ. ಆ ಕಪ್ಪು ಪದರ ದೋಸೆ ಅಂಟದಂತೆ ನೋಡಿಕೊಳ್ಳುತ್ತದೆ, ನೀರು ಕಬ್ಬಿಣಕ್ಕೆ ತಾಗದಂತೆಯೂ ನೋಡಿಕೊಳ್ಳುತ್ತದೆ. ದೋಸೆಗೆ ಒಂದು ಹಂಚು, ಚಪಾತಿಗೆ ಇನ್ನೊಂದು ಇಟ್ಟು, ಅದಲುಬದಲು ಮಾಡಿದರೆ ಅತ್ತೆ ಸೊಸೆಗೆ ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ. ಎಣ್ಣೆ ಇಲ್ಲದೆ ಜೋರು ಉರಿಯಲ್ಲಿ ಚಪಾತಿ ಸುಟ್ಟರೆ ಆ ಪದರ ಸುಟ್ಟು ಹೋಗುತ್ತದೆ. ಇದನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ. ಕೆಲಸದ ಜೊತೆಗೇ ಇದ್ದ ಜ್ಞಾನ, ಕೆಲಸ ನಿಂತಾಗ ನಿಂತಿತು. ಅಟ್ಟಕ್ಕೆ ಹೋದ ಹಂಚಿಗೆ ಮಳೆಗಾಲದ ತೇವ ಹಿಡಿಯಿತು. ಅಂದರೆ ಆ ತುಕ್ಕು ಹಂಚಿನ ವಯಸ್ಸಲ್ಲ, ಬಳಸದೆ ಬಿಟ್ಟ ವರ್ಷಗಳು. ಬಹಳ ಸಲ ತುಕ್ಕು ಮೇಲಿನ ಪದರ ಅಷ್ಟೇ, ಒಳಗೆ ದಪ್ಪ ಬೀಡು ಹಾಗೇ ಇರುತ್ತದೆ.

ಈಗ ಅದನ್ನು ಇಳಿಸಿ. ಮೊದಲು ಬೆರಳಿನ ಮೇಲೆ ತೂಗಿಟ್ಟುಕೊಂಡು ಚಮಚದಿಂದ ತಟ್ಟಿ. ಗಂಟೆಯ ಹಾಗೆ ಎಳೆದ ನಾದ ಬಂದರೆ ಸರಿ. ಗೊಗ್ಗರು ಸದ್ದು ಬಂದರೆ ಎಲ್ಲೋ ಬಿರುಕು ಇದೆ. ಬಿರುಕು ಬಿಟ್ಟ ಬೀಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹಚ್ಚಿಸುವುದು ಕಷ್ಟ, ಒಲೆ ಮೇಲೆ ಮತ್ತೆ ಬಿಡುತ್ತದೆ. ಅಂಥದ್ದನ್ನು ಗುಜರಿಗೆ ಹಾಕಲು ಅಡ್ಡಿಯಿಲ್ಲ. ಇನ್ನೊಂದು ವಿಚಾರ, ಮತ್ತು ಇದು ತಮಾಷೆಯದಲ್ಲ: ಆ ಹಂಚಿನಲ್ಲಿ ಯಾರಾದರೂ ಬಲೆಗೆ ಕಟ್ಟುವ ಸೀಸ ಕರಗಿಸಿದ್ದರೆ, ಡಾಂಬರು ಕಾಯಿಸಿದ್ದರೆ, ಪೇಂಟ್ ಅಥವಾ ಬೆಳೆಗೆ ಹೊಡೆಯುವ ಔಷಧಿ ಕಲಸಿದ್ದರೆ ಅದು ಅಡುಗೆಗೆ ಬೇಡ. ಎಷ್ಟು ತೊಳೆದರೂ ಬೇಡ. ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ.

ಸದ್ದು ಸರಿಯಿದ್ದರೆ, ಒಣ ಹಂಚನ್ನೇ ಸ್ಟೀಲ್ ನಾರಿನಿಂದ ಅಥವಾ ವೈರ್ ಬ್ರಶ್‌ನಿಂದ ಚೆನ್ನಾಗಿ ಉಜ್ಜಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೆಂಪು ಪುಡಿ ಹಾರುತ್ತದೆ. ಉಳಿದ ತುಕ್ಕಿಗೆ ಗಟ್ಟಿ ಹುಣಸೆಹಣ್ಣಿನ ರಸ ಬಳಿದು ಅರ್ಧ ಗಂಟೆ ಬಿಡಿ. ಹುಣಸೆಯ ಹುಳಿ ತುಕ್ಕನ್ನು ಕರಗಿಸುತ್ತದೆ. ರಾತ್ರಿಯಿಡೀ ಬಿಡಬೇಡಿ, ತುಕ್ಕು ಮುಗಿದ ಮೇಲೆ ಹುಳಿ ಒಳ್ಳೆಯ ಕಬ್ಬಿಣವನ್ನೂ ತಿನ್ನಲು ಶುರು ಮಾಡುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಎರಡು ಮೂರು ಸಲ ಮಾಡಿ. ಕೊನೆಗೆ ಬೂದಿ ಮತ್ತು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ, ಬೂದಿ ಹುಳಿಯನ್ನು ಸಾಯಿಸುತ್ತದೆ. ಪಾತ್ರೆ ಸೋಪು ಹಾಕಿದರೂ ತೊಂದರೆಯಿಲ್ಲ, ಈಗ ಕಾಪಾಡಬೇಕಾದ ಪದರವೇ ಇಲ್ಲವಲ್ಲ.

ಇಲ್ಲಿ ಬಹಳ ಮಂದಿ ಕೆಡಿಸಿಕೊಳ್ಳುತ್ತಾರೆ: ತೊಳೆದು ಬಿಸಿಲಿಗಿಟ್ಟು ಒಳಗೆ ಹೋಗುತ್ತಾರೆ. ಹೊರಗೆ ಬರುವಷ್ಟರಲ್ಲಿ ಮತ್ತೆ ಕೇಸರಿ ಬಣ್ಣ. ತೊಳೆದ ಕೂಡಲೇ ಬಟ್ಟೆಯಿಂದ ಒರೆಸಿ ಸಣ್ಣ ಉರಿಯ ಮೇಲಿಡಿ. ನೀರೆಲ್ಲ ಆರಿದ ಮೇಲೆ, ಕೈಗೆ ಬಿಸಿ ತಾಗುವಷ್ಟಾದಾಗ ಎಣ್ಣೆ ಸವರಿ, ಎರಡೂ ಕಡೆ, ಕಿವಿಗೂ ಸೇರಿಸಿ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು, ಎಣ್ಣೆಯನ್ನು ತಪ್ಪಿ ಹಾಕಿದಿರೇನೋ ಎನ್ನುವ ಹಾಗೆ ಅಷ್ಟನ್ನೂ ಒರೆಸಿ ತೆಗೆಯಿರಿ. ಉಳಿಯುವ ಅಂಶವೇ ಸಾಕು. ಹೆಚ್ಚು ಎಣ್ಣೆ ಬಿಟ್ಟರೆ ಗಟ್ಟಿ ಪದರದ ಬದಲು ಅಂಟಂಟು ಜಿಡ್ಡಾಗುತ್ತದೆ. ಈಗ ಉರಿ ಏರಿಸಿ ಹೊಗೆ ಬಂದು ನಿಲ್ಲುವ ತನಕ ಕಾಯಿಸಿ, ಇಳಿಸಿ ತಾನಾಗಿ ಆರಲು ಬಿಡಿ. ಹೀಗೆ ನಾಲ್ಕೈದು ಸಲ. ಕಂದು ಬಣ್ಣ ಮೆಲ್ಲಗೆ ಕಪ್ಪಿಗೆ ತಿರುಗುತ್ತದೆ. ಹೊಗೆ ಜೋರಿರುತ್ತದೆ, ಹಿತ್ತಲಿನ ಒಲೆಯಲ್ಲಿ ಮಾಡುವುದು ವಾಸಿ. ಕಡಲೆಕಾಯಿ, ಸೂರ್ಯಕಾಂತಿ, ಕುಸುಬೆ ಎಣ್ಣೆ ಚೆನ್ನಾಗಿ ಪದರ ಕಟ್ಟುತ್ತವೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಕಟ್ಟುವುದಿಲ್ಲ. ಅಗಸೆ ಎಣ್ಣೆಯ ಪದರ ನೋಡಲು ಅಂದ, ಆದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ ಎಂದು ದೂರುವವರು ಬಹಳ.

ತುಕ್ಕು ಸುಟ್ಟು ಹೋಗಲಿ ಎಂದು ಹಂಚನ್ನು ಬೆಂಕಿಯ ಗುಡ್ಡೆಗೇ ಹಾಕುವವರಿದ್ದಾರೆ. ಬೇಡ, ಬೀಡು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಕಾದ ಹಂಚಿನ ಮೇಲೆ ತಣ್ಣೀರು ಸುರಿಯುವುದೂ ಹಾಗೆಯೇ. ದೋಸೆ ಹುಯ್ಯುವ ಮುಂಚೆ ನೀರು ಚಿಮುಕಿಸುವುದು ಬೇರೆ, ಚೊಂಬು ಬಗ್ಗಿಸುವುದು ಬೇರೆ.

ಇಷ್ಟು ಕಷ್ಟ ಯಾಕೆ ಎಂದು ಕೇಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇಥಿಯೋಪಿಯಾದಲ್ಲಿ ಕೆಲವು ಮನೆಗಳಿಗೆ ಕಬ್ಬಿಣದ ಪಾತ್ರೆ, ಕೆಲವು ಮನೆಗಳಿಗೆ ಅಲ್ಯೂಮಿನಿಯಂ ಪಾತ್ರೆ ಕೊಟ್ಟು ಒಂದು ವರ್ಷ ಮಕ್ಕಳನ್ನು ಗಮನಿಸಿದರು. ಕಬ್ಬಿಣದ ಪಾತ್ರೆಯ ಮನೆಗಳ ಮಕ್ಕಳ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚು ಸುಧಾರಿಸಿತ್ತು. 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. ಹಾಗಂತ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಮಾತ್ರೆ ಬಿಡಬೇಡಿ. ದೋಸೆ, ರೊಟ್ಟಿ ಒಣ ಅಡುಗೆ, ಹಂಚಿನ ಮೇಲೆ ಇರುವುದೂ ಎರಡು ನಿಮಿಷ, ಅದರಿಂದ ಸೇರುವ ಕಬ್ಬಿಣ ಕಡಿಮೆ. ಬಾಣಲಿಯಲ್ಲಿ ಕುದಿಯುವ ಸೊಪ್ಪಿನ ಪಲ್ಯ, ಟೊಮೆಟೊ ಹಾಕಿದ ಗೊಜ್ಜಿಗೆ ಹೆಚ್ಚು ಸೇರುತ್ತದೆ. ತಲಸ್ಸೀಮಿಯಾದಂಥ ಕಾಯಿಲೆಯಿಂದ ಮೈಯಲ್ಲಿ ಕಬ್ಬಿಣ ಹೆಚ್ಚಾಗಿರುವವರು ಡಾಕ್ಟರನ್ನು ಕೇಳಿಯೇ ಬಳಸಬೇಕು.

ಹುಳಿ ಅಡುಗೆ ಮಾತ್ರ ಮೊದಲ ಒಂದೆರಡು ತಿಂಗಳು ಬೇಡ, ಹೊಸ ಪದರ ಕಿತ್ತು ಬರುತ್ತದೆ. ಆಮೇಲೂ ಬೆಂದ ತಕ್ಷಣ ಬೇರೆ ಪಾತ್ರೆಗೆ ಬಗ್ಗಿಸಿಬಿಡಿ, ಇಲ್ಲದಿದ್ದರೆ ಗೊಜ್ಜು ಕಪ್ಪಾಗಿ ಕಬ್ಬಿಣದ ರುಚಿ ಬರುತ್ತದೆ. ಚಪ್ಪಟೆ ತಳದ್ದಾದರೆ ಇಂಡಕ್ಷನ್ ಒಲೆಯ ಮೇಲೂ ನಡೆಯುತ್ತದೆ, ಆದರೆ ಸಣ್ಣ ಕಾವಿನಿಂದ ಶುರು ಮಾಡಿ. ಸಂತೆಯಿಂದ ತಂದ ಹೊಸ ಹಂಚಿನ ಮೇಲಿನ ಕಪ್ಪು ಬಣ್ಣ ಪಳಗಿದ ಪದರ ಅಲ್ಲ, ಅದನ್ನೂ ಉಜ್ಜಿ ತೆಗೆದು ಇದೇ ಕ್ರಮ ಮಾಡಬೇಕು.

ಮೊದಲ ದಿನ ಹುಯ್ದ ದೋಸೆ ಅಂಟುತ್ತದೆ, ಎರಡನೆಯದೂ ಹರಿಯಬಹುದು. ಅವನ್ನು ಕೆರೆದು ಹಸುವಿನ ಕಲಗಚ್ಚಿಗೆ ಹಾಕಿ, ಬದನೆ ತೊಟ್ಟಿಗೆ ಎಣ್ಣೆ ಅದ್ದಿ ಮತ್ತೆ ಸವರಿ, ಉರಿ ಸ್ವಲ್ಪ ತಗ್ಗಿಸಿ ಮೂರನೆಯದನ್ನು ಹುಯ್ಯಿರಿ.